ನನ್ನ ಮೆಟ್ಟಿಲಿನ ಎತ್ತರ

ನಮ್ಮ ಊರಿನಲ್ಲಿ ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಮನೆಯ ಮೆಟ್ಟಿಲುಗಳನ್ನು ನೋಡುತ್ತಾರೆ. ಒಂದು ಮನೆಯೊಳಗೆ ಯಾರಾದರೂ ಕಣ್ಣು ಮುಚ್ಚಿದರೆ, ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಆ ಮನೆ ಒಂದು ಮೆಟ್ಟಿಲಿನಷ್ಟು ಮೇಲೆದ್ದಿರುತ್ತದೆ. ಬಾಗಿಲ ಮುಂದೆ, ಎಲ್ಲಕ್ಕಿಂತ ಕೆಳಗೆ, ಒಂದು ಹೊಸ ಕಲ್ಲು ಬಂದಿರುತ್ತದೆ. ಹಿತ್ತಿಲ ಬಾಗಿಲಿದ್ದರೆ ಅಲ್ಲಿಯೂ ಹಾಗೆಯೇ. ಹದಿನೈದು ಮೆಟ್ಟಿಲಿನ ಮನೆಯೆಂದರೆ ಹಳೆಯ ಮನೆತನ, ಹೆಣ್ಣು ತರಬಹುದು. ಮೆಟ್ಟಿಲುಗಳನ್ನು ಸಂಬಂಧ ಹಿಡಿದೇ ಕರೆಯುತ್ತಾರೆ. "ಮಾವನ ಮೇಲೆ ಹಾಲು ಚೆಲ್ಲಿದೀಯಲ್ಲೇ, ಒರೆಸು" ಎಂದು ಅತ್ತೆ ಸೊಸೆಯನ್ನು ಗದರಿಸಿದರೆ ದಾರಿಯಲ್ಲಿ ಹೋಗುವವರು ತಿರುಗಿಯೂ ನೋಡುವುದಿಲ್ಲ.

ಮೆಟ್ಟಿಲನ್ನು ಬರಿಗಾಲಿನಲ್ಲಿ ತುಳಿಯಬೇಕು. ತುಳಿಯುವುದೇ ನಾವು ಅವರಿಗೆ ಕೊಡುವ ಮರ್ಯಾದೆ. ಚಾಪೆ, ಗೋಣಿ, ಹಲಗೆ, ಏನನ್ನೂ ಅದರ ಮೇಲೆ ಹೊದಿಸಬಾರದು. ಹೊದಿಸಿದರೆ ಹೋದವರ ಮುಖಕ್ಕೆ ಎರಡನೆಯ ಸಲ ಬಟ್ಟೆ ಮುಚ್ಚಿದಂತೆ ಎಂದು ಹಿರಿಯರ ಮಾತು. ಅವರದೇ ಇನ್ನೊಂದು ಮಾತಿದೆ: ತೃಪ್ತಿಯಿಂದ ಹೋದವರ ಮೆಟ್ಟಿಲು ತಗ್ಗು, ಆಸೆ ಉಳಿಸಿಕೊಂಡು ಹೋದವರದು ಎತ್ತರ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಇದನ್ನು ನಂಬುತ್ತಿರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಸ್ಕೇಲು ಹಿಡಿದು ಎರಡು ಬೀದಿಗಳ ಮೆಟ್ಟಿಲುಗಳನ್ನೆಲ್ಲ ಅಳೆದೆ. ಹೆಚ್ಚಿನವು ಆರೇಳು ಅಂಗುಲ ಇದ್ದವು. ಹೆರಿಗೆಯಲ್ಲಿ ಹೋದ ಹುಡುಗಿಯರದು ಹತ್ತು. ಅಳೆದು ಬರೆದಿಟ್ಟ ಆ ಪುಸ್ತಕವನ್ನು ಯಾರಿಗೂ ತೋರಿಸಲಿಲ್ಲ.

ನನ್ನ ಮನೆಗೆ ಮೆಟ್ಟಿಲಿಲ್ಲ. ಮದುವೆಯಾಗದವಳು, ನಿವೃತ್ತಿಯ ನಂತರ ಹೊಸ ಜಾಗದಲ್ಲಿ ಕಟ್ಟಿಸಿದ್ದು. ಇಲ್ಲಿ ಇನ್ನೂ ಯಾರೂ ಸತ್ತಿಲ್ಲ. "ನೆಲಮನೆ ಟೀಚರ್" ಎಂದು ನನ್ನನ್ನು ಕರೆಯುತ್ತಾರೆ. ಅದರಲ್ಲಿ ಸ್ವಲ್ಪ ಮರುಕವಿದೆ.

ಹಳೆಯ ಬೀದಿಯ ಲೋಕಮ್ಮನ ಮಗಳು ಕಸ್ತೂರಿ ಹುಟ್ಟಿದಾಗ ಅವಳ ಸೊಂಟದ ಬಳಿ ಬೆನ್ನುಹುರಿ ಮುಚ್ಚಿಕೊಂಡಿರಲಿಲ್ಲ. ಆಪರೇಷನ್ ಮಾಡಿ ಹೊಲಿದರು. ತಲೆಯಲ್ಲಿ ನೀರು ನಿಲ್ಲದಂತೆ ಕಿವಿಯ ಹಿಂದಿನಿಂದ ಹೊಟ್ಟೆಗೆ ಒಂದು ಸಣ್ಣ ನಳಿಕೆ ಇಳಿಬಿಟ್ಟರು. ಸೊಂಟದಿಂದ ಕೆಳಗೆ ಅವಳಿಗೆ ಬಲವೂ ಇಲ್ಲ, ಸ್ಪರ್ಶವೂ ಇಲ್ಲ. ಹತ್ತು ವರ್ಷ ಬದುಕಿದರೆ ಹೆಚ್ಚು ಎಂದು ಯಾರೋ ಅಂದರಂತೆ. ಅಂದಿನಿಂದ ಆ ಮನೆಯವರು ಬಾಗಿಲ ಮುಂದಿನ ನೀರಿನ ತೊಟ್ಟಿಯನ್ನು ಎರಡು ಅಡಿ ಆಚೆ ಸರಿಸಿಟ್ಟರು. ಇನ್ನೊಂದು ಮೆಟ್ಟಿಲಿಗೆ ಜಾಗ ಇರಲಿ ಎಂದು. ಕಸ್ತೂರಿ ಆ ತೊಟ್ಟಿಯನ್ನು ನೋಡಿಕೊಂಡೇ ಬೆಳೆದಳು.

ಆ ಮನೆಗೆ ಆಗ ಒಂಬತ್ತು ಮೆಟ್ಟಿಲು. ಅವಳ ಅಪ್ಪ ಚಿಕ್ಕಣ್ಣ ಪ್ರತಿದಿನ ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸಿ, ಮತ್ತೆ ಹತ್ತಿ ಹೋಗಿ ಗಾಲಿಕುರ್ಚಿಯನ್ನು ತಂದು, ಶಾಲೆಗೆ ತಳ್ಳಿಕೊಂಡು ಬರುತ್ತಿದ್ದ. ನನ್ನ ತರಗತಿಯಲ್ಲಿ ಎರಡು ವರ್ಷ ಇದ್ದಳು. ಒಂದು ದಿನ ಅವಳ ಕಾಲುಚೀಲ ಒದ್ದೆಯಾಗಿರುವುದನ್ನು ಕಂಡು ಬಿಚ್ಚಿ ನೋಡಿದರೆ ಹಿಮ್ಮಡಿ ಸೀಳಿಹೋಗಿತ್ತು. ಅಪ್ಪ ಇಳಿಯುವಾಗ ಜೋತುಬಿದ್ದ ಪಾದ ಯಾವುದೋ ಮೆಟ್ಟಿಲಿಗೆ ತಾಗಿತ್ತು. ಇಬ್ಬರಿಗೂ ಗೊತ್ತಾಗಿರಲಿಲ್ಲ. ಅಂದು ಚಿಕ್ಕಣ್ಣ ಶಾಲೆಯ ಜಗಲಿಯ ಮೇಲೆ ಕುಳಿತು ತನ್ನ ತಲೆಗೆ ತಾನೇ ಹೊಡೆದುಕೊಂಡ. ಮರುದಿನದಿಂದ ಹಳೆಯ ಕಂಬಳಿಯ ತುಂಡುಗಳನ್ನು ಮಗಳ ಎರಡೂ ಪಾದಗಳಿಗೆ ಸುತ್ತಿ ಕರೆತರತೊಡಗಿದ.

ಅವಳಿಗೆ ಇಪ್ಪತ್ತೊಂದಾದಾಗ ಚಿಕ್ಕಣ್ಣ ಎದೆನೋವಿನಿಂದ ತೀರಿಕೊಂಡ. ಮೂರನೆಯ ದಿನ ಹತ್ತನೆಯ ಮೆಟ್ಟಿಲು ಬಂತು. ಹನ್ನೊಂದು ಅಂಗುಲ. ಇಷ್ಟು ವರ್ಷ ಅವಳನ್ನು ಹೊತ್ತವನೇ ಅವಳ ಮುಂದೆ ಇನ್ನೊಂದು ಮೆಟ್ಟಿಲಾಗಿ ಕುಳಿತ.

ಒಂದು ವರ್ಷದ ನಂತರ ನಾನು ಹೋದಾಗ ಕಸ್ತೂರಿ ಹೊಸ್ತಿಲ ಒಳಗೆ ಕುರ್ಚಿಯಲ್ಲಿ ಕುಳಿತು ಬೀದಿ ನೋಡುತ್ತಿದ್ದಳು.

"ಬನ್ನಿ ಟೀಚರ್. ಹುಷಾರಾಗಿ ಹತ್ತಿ. ಅಪ್ಪ ಸ್ವಲ್ಪ ಎತ್ತರ."

"ಎಷ್ಟು ದಿನ ಆಯ್ತೇ ಹೊರಗೆ ಬಂದು?"

"ಅಪ್ಪನ ತಿಥಿಗೆ ಇಳಿಸ್ತೀವಿ ಅಂದಿದ್ರು. ಅವತ್ತು ಹೊತ್ಕೊಳೋರಿಗೆ ಜ್ವರ."

ಲೋಕಮ್ಮ ಕಾಫಿ ತಂದಿಟ್ಟು, ಮಗಳನ್ನು ನೋಡದೆ ಹೇಳಿದಳು, "ಒಂದು ಇಳಿಜಾರು ಮಾಡ್ಸಿದ್ರೆ ಆಗಲ್ವಾ ಟೀಚರ್? ಮೇಲೆ ಹಲಗೆ ಹಾಕಂಗಿಲ್ಲ, ಸರಿ. ಪಕ್ಕದಲ್ಲಿ?"

ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಒಬ್ಬಳೇ ಗಾಲಿ ತಿರುಗಿಸಿ ಹತ್ತಲಾಗದು ಎಂದು ವಿವರಿಸಿದೆ. ಹತ್ತು ಮೆಟ್ಟಿಲೆಂದರೆ ಆರಡಿಗೂ ಮೇಲೆ. ಬೀದಿ ಇರುವುದೇ ಹದಿನೈದು ಅಡಿ ಅಗಲ. ಎರಡೂ ಪಕ್ಕದಲ್ಲಿ ನೆರೆಮನೆಗಳ ಮೆಟ್ಟಿಲು; ನೇರ ಇಳಿಸಿದರೆ ಎದುರು ಮನೆಯ ಅಡುಗೆಮನೆ ದಾಟಿ ಆಚೆ ಬೀದಿಗೆ ಹೋಗಬೇಕಾಗುತ್ತದೆ.

"ಹಂಗಾದ್ರೆ ಅವರ ಮನೇಲೇ ಊಟ ಮಾಡ್ಕೊಂಡು ಇಳೀಬಹುದು" ಎಂದಳು ಕಸ್ತೂರಿ. ಲೋಕಮ್ಮ ನಗಲಿಲ್ಲ.

ನನ್ನ ಜೊತೆ ಕಳಿಸು ಎಂದು ನಾನು ಕೇಳಿದೆ. ಲೋಕಮ್ಮ ಖಾಲಿ ಲೋಟ ಎತ್ತಿ ಪಕ್ಕಕ್ಕಿಟ್ಟಳು. ಅವಳು ಗಂಡನ ಮೆಟ್ಟಿಲನ್ನು ಬಿಟ್ಟು ಬರುವ ಹಾಗಿರಲಿಲ್ಲ. ದಿನಾ ತೊಳೆದು ರಂಗೋಲಿ ಇಡಬೇಕು. ಕಡೆಗೆ ಎದ್ದು ಮಗಳ ಬಟ್ಟೆ ಮಡಚತೊಡಗಿದಳು.

ವೆಲ್ಡಿಂಗ್ ಮಾಡುವ ಮಸ್ತಾನ್ ಮತ್ತು ಅವನ ತಮ್ಮ ಅವಳನ್ನು ಕುರ್ಚಿಸಮೇತ ಇಳಿಸಿದರು. ಕೊನೆಯ ಮೆಟ್ಟಿಲ ಬಳಿ ಕಸ್ತೂರಿ ನಿಲ್ಲಿಸಿ ಎಂದಳು. ಅವರು ಭಾರ ಹೊತ್ತೇ ನಿಂತರು. ಅವಳು ಬಾಗಿ ಅಂಗೈಯನ್ನು ಆ ಕಲ್ಲಿನ ಮೇಲೆ ಇಟ್ಟಳು. ಮಸ್ತಾನ್ ಕುರ್ಚಿಯನ್ನು ಮೊಣಕಾಲಿಗೆ ಊರಿಕೊಂಡ. ಆಯ್ತಾ ಎಂದು ಅವನು ಕೇಳಲಿಲ್ಲ.

ನನ್ನ ಮನೆಯ ಹೊಸ್ತಿಲನ್ನು ಅವನೇ ತೆಗೆದು ನೆಲಕ್ಕೆ ಸಮ ಮಾಡಿದ. ಬಚ್ಚಲಿನ ಬಾಗಿಲನ್ನು ಅಗಲಿಸಿ ಗೋಡೆಗೆ ಹಿಡಿಕೆ ಹಾಕಿದ. ಕುರ್ಚಿಯ ಪಾದದ ಹಲಗೆ ತುಂಬ ತಗ್ಗಿನಲ್ಲಿದೆ, ಕಲ್ಲಿಗೆ ತಾಗುತ್ತದೆ ಎಂದು ಯಾರೂ ಹೇಳದೆಯೇ ಗಮನಿಸಿ ಎರಡು ಅಂಗುಲ ಎತ್ತರಿಸಿದ. ಹೊರಗಿನಿಂದ ದಪ್ಪ ಸ್ಪಂಜಿನ ದಿಂಬು ತರಿಸಿದೆ. ಆದರೂ ಕಾಲು ಗಂಟೆಗೊಮ್ಮೆ ಅವಳು ಎರಡೂ ಕೈ ಊರಿ ಮೈಯನ್ನು ಮೇಲೆತ್ತಿ ಹಿಡಿಯಬೇಕು. ಒತ್ತಡ ಬಿದ್ದ ಕಡೆ ಚರ್ಮ ಸಾಯುತ್ತದೆ, ಸತ್ತದ್ದು ತಿಳಿಯುವುದಿಲ್ಲ. ನಾಲ್ಕು ಗಂಟೆಗೊಮ್ಮೆ ನಳಿಕೆ ಹಾಕಿ ಮೂತ್ರ ತೆಗೆಯಬೇಕು. ಸಂಜೆ ಕೈಗನ್ನಡಿ ಹಿಡಿದು ತನ್ನ ಹಿಂಭಾಗವನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದಳು. ಒಮ್ಮೆ ನಾನು ಬಾಗಿಲ ಹೊರಗಿನಿಂದ ಏನಾದರೂ ಇದೆಯಾ ಎಂದು ಕೇಳಿದ್ದಕ್ಕೆ, "ಇದೆ ಟೀಚರ್, ಕಲೆ ಇಲ್ಲದ ಚಂದ್ರ ಇದೆ" ಎಂದಳು.

ನೆಲಮಟ್ಟದಲ್ಲೇ ಇದ್ದ ದಾಮೋದರನ ಕನ್ನಡಕದ ಅಂಗಡಿಯಲ್ಲಿ ಅವಳಿಗೆ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ ಸಿಕ್ಕಿತು. ಅವನು ಮೇಜಿನ ಕಾಲುಗಳನ್ನು ಗರಗಸದಿಂದ ಕತ್ತರಿಸಿ ತಗ್ಗು ಮಾಡಿಕೊಂಡ. ದಾರಿಯಲ್ಲಿ ಹೂ ಮಾರುವ ಹೆಂಗಸು ಬುಟ್ಟಿ ಇಳಿಸುವ ಮೊದಲು ರಸ್ತೆಯ ಕಲ್ಲುಗಳನ್ನು ಕಾಲಿನಿಂದ ಪಕ್ಕಕ್ಕೆ ದೂಡುತ್ತಿದ್ದಳು. ಅದನ್ನು ಕಸ್ತೂರಿಯ ಗಾಲಿಗಾಗಿ ಮಾಡುತ್ತಿದ್ದೇನೆಂದು ಅವಳು ಒಪ್ಪಿಕೊಳ್ಳುತ್ತಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಕಸ್ತೂರಿ ಬಾಗಿಲು ತಾನೇ ತೆಗೆದು, ತಾನೇ ಹೊರಗೆ ಹೋಗಿ, ತಾನೇ ಎಳೆದುಕೊಳ್ಳುತ್ತಿದ್ದಳು. ನಾಲ್ಕು ವರ್ಷ. ಆ ಬಾಗಿಲಿನ ಸದ್ದು ಕೇಳಿದ ಮೇಲೆಯೇ ನಾನು ಎರಡನೆಯ ಲೋಟ ಕಾಫಿ ಕುಡಿಯುತ್ತಿದ್ದೆ.

ಹೋದ ವರ್ಷದ ಕೊನೆಗೆ ನನ್ನ ಹೊಟ್ಟೆಯಲ್ಲಿ ಗಂಟು ಸಿಕ್ಕಿತು. ಊರಿನ ಆಸ್ಪತ್ರೆಗೆ ನಾನೂರ ಹನ್ನೆರಡು ಮೆಟ್ಟಿಲು. ಹಳೆಯ ಕಾಲದಲ್ಲಿ ಅಲ್ಲಿ ಬಹಳ ಜನ ಸತ್ತರು. ಈಗ ರೋಗಿಗಳನ್ನು ಡೋಲಿಯಲ್ಲಿ ಹೊತ್ತು ಹತ್ತಿಸುತ್ತಾರೆ. ಇನ್ನು ಅಲ್ಲಿ ಯಾರನ್ನೂ ಸಾಯಲು ಬಿಡುವುದಿಲ್ಲ, ಕೈಮೀರಿದೆ ಎಂದರೆ ಅಂದೇ ಇಳಿಸಿ ಮನೆಗೆ ಕಳಿಸುತ್ತಾರೆ. ಡಾಕ್ಟರು ನನ್ನ ಹಳೆಯ ವಿದ್ಯಾರ್ಥಿ. ಡೋಲಿಯ ಜೊತೆ ಕೊನೆಯ ಮೆಟ್ಟಿಲವರೆಗೂ ತಾನೇ ಇಳಿದು ಬಂದ. "ಮೂರು ನಾಲ್ಕು ತಿಂಗಳು ಅನ್ಕೊಳಿ ಮೇಡಂ. ಮನೇಲೇ ಇರಿ. ಮನೆಗೆ ಮೊದಲನೇ ಮೆಟ್ಟಿಲು ನಿಮ್ಮದೇ ಆಗುತ್ತೆ" ಎಂದ. ಸಮಾಧಾನಕ್ಕೆಂದೇ ಹೇಳಿದ್ದು. ಆಗಲೇ ನನಗೆ ಅರ್ಥವಾದದ್ದು.

ಒಂದೇ ಮೆಟ್ಟಿಲು. ಆದರೆ ಗಾಲಿಗೆ ಒಂದೂ ಹತ್ತೂ ಒಂದೇ. ಹಲಗೆ ಹಾಕುವಂತಿಲ್ಲ. ನನ್ನ ನಂತರ ಅವಳು ಮತ್ತೆ ಬಾಗಿಲ ಒಳಗೆ ಕುಳಿತು ಬೀದಿ ನೋಡಬೇಕು, ಯಾರಿಗೆ ಬಿಡುವಿದೆ, ಯಾರಿಗೆ ಜ್ವರವಿಲ್ಲ ಎಂದು ಕಾಯಬೇಕು.

ಕೆರೆಯ ದಂಡೆಯ ಮೇಲೆ ಒಂದು ಕಲ್ಲುಮಂಟಪವಿದೆ. ಅದಕ್ಕೆ ಬಾಗಿಲಿಲ್ಲ, ಅದು ಯಾರ ಮನೆಯೂ ಅಲ್ಲ. ಬಯಲಿನಲ್ಲಿ ಸತ್ತವರು ಮೆಟ್ಟಿಲಾಗುವುದಿಲ್ಲ, ಅವರನ್ನು ಯಾರೂ ತುಳಿದು ನೆನೆಯುವುದಿಲ್ಲ. ನಮ್ಮಲ್ಲಿ ಶತ್ರುವಿಗೂ ಅಂಥ ಸಾವನ್ನು ಬಯಸುವುದಿಲ್ಲ. ಊಟ ಸೇರದೆ ಹತ್ತು ದಿನವಾದ ಮೇಲೆ, ಇನ್ನು ಹೆಚ್ಚು ದಿನವಿಲ್ಲ ಎನಿಸಿ, ಕಸ್ತೂರಿ ಕೆಲಸಕ್ಕೆ ಹೋದ ಸದ್ದು ಕೇಳಿ, ಅವಳ ಕೈಗನ್ನಡಿಯ ಕೆಳಗೆ ಒಂದು ಕಾಗದ ಬರೆದಿಟ್ಟು ಆಟೋ ಹತ್ತಿದೆ. ಮಂಟಪದಲ್ಲಿ ಹೊದಿಕೆ ಹಾಸಿಕೊಂಡು ಮಲಗಿದೆ. ಕಲ್ಲು ತಣ್ಣಗಿತ್ತು. ಹೆದರಿಕೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ನನ್ನ ಲೆಕ್ಕಾಚಾರದಲ್ಲಿ ಒಂದು ತಪ್ಪಿತ್ತು. ನಮ್ಮ ಊರಿನವರು ಒಳ್ಳೆಯವರು ಎಂಬುದನ್ನು ನಾನು ಮರೆತಿದ್ದೆ. ಮಧ್ಯಾಹ್ನ ಬಟ್ಟೆ ಒಗೆಯಲು ಬಂದ ಐದಾರು ಹೆಂಗಸರು ನನ್ನನ್ನು ಕಂಡರು.

"ಅಯ್ಯೋ, ನೆಲಮನೆ ಟೀಚರ್ ಅಲ್ವಾ ಇದು. ಉಸಿರಿದೆ ನೋಡ್ರೇ."

"ನನ್ನ ಇಲ್ಲೇ ಬಿಡಿ ಅವ್ವಾ. ಕೈಮುಗೀತೀನಿ" ಎಂದೆ.

"ತಲೆ ನಿಂತಿಲ್ಲ ಪಾಪ. ನಿಮ್ಮನ್ನ ಬಯಲಲ್ಲಿ ಬಿಟ್ಟು ಹೋದ್ರೆ ನಾವು ಮನುಷ್ಯರಾ? ಬೇಗ ಎತ್ರೇ, ಮನೆ ಸೇರೋವರೆಗೂ ಜೀವ ಇರ್ಲಿ."

ಒಗೆಯಲು ತಂದ ಕಂಬಳಿಯಲ್ಲಿ ನನ್ನನ್ನು ಮಲಗಿಸಿ ನಾಲ್ಕು ತುದಿ ಹಿಡಿದು ಹೊತ್ತರು. ಒಬ್ಬಳು ಬಿಸಿಲು ಬೀಳದಂತೆ ನನ್ನ ಮುಖದ ಮೇಲೆ ಸೆರಗು ಹಿಡಿದು ಪಕ್ಕದಲ್ಲಿ ಓಡುತ್ತಾ ಬಂದಳು. ಇನ್ನೊಬ್ಬಳು ನನ್ನ ಕನ್ನಡಕ ಒಡೆಯದಿರಲಿ ಎಂದು ತನ್ನ ಕುಪ್ಪಸದೊಳಗೆ ಇಟ್ಟುಕೊಂಡಳು. ನಾನು ಅಳುತ್ತಿದ್ದೆ. ಮನೆ ಸೇರುವ ಆಸೆಗೆ ಅಳುತ್ತಿದ್ದೇನೆಂದು ಅವರು ಇನ್ನಷ್ಟು ಬೇಗ ನಡೆದರು.

ಕಸ್ತೂರಿ ಸಂಜೆ ಬಂದಳು. ಬೆಳಗ್ಗೆ ನಳಿಕೆಯ ಚೀಲ ಮರೆತು ಹೋಗಿದ್ದಳಂತೆ. ಹತ್ತು ಗಂಟೆಗೆ ಮನೆಗೆ ಹಿಂತಿರುಗಿ ಕಾಗದ ನೋಡಿದ್ದಳು. ಆಗಿನಿಂದ ಸಂಜೆಯವರೆಗೆ ಊರಿನ ಎಲ್ಲ ರಸ್ತೆಗಳಲ್ಲಿ ಗಾಲಿ ತಿರುಗಿಸುತ್ತಾ ನನ್ನನ್ನು ಹುಡುಕಿದ್ದಳು. ಕೆರೆಯ ದಂಡೆಗೆ ಕುರ್ಚಿ ಹತ್ತುವುದಿಲ್ಲ. ಅದಕ್ಕೇ ನಾನು ಅದನ್ನು ಆರಿಸಿದ್ದೆ.

"ಕಾಗದ ಓದಿದೆ. ಅಕ್ಷರ ಚೆನ್ನಾಗಿದೆ" ಎಂದಳು. ಮುಖ ಬಿಳಿಚಿಕೊಂಡಿತ್ತು. "ಇನ್ನೊಂದ್ಸಲ ಹೀಗೆ ಮಾಡಿದ್ರೆ ನಾನೇ ಮೊದಲು ಇಲ್ಲಿ ಸಾಯ್ತೀನಿ. ಆಗ ನೀವು ಹತ್ತಿ ಇಳೀರಿ, ಆ ನೋಯೋ ಮಂಡಿ ಇಟ್ಕೊಂಡು."

ಆ ದಿನ ಏಳು ಗಂಟೆಗಳ ಕಾಲ ಅವಳು ಒಮ್ಮೆಯೂ ಮೈ ಎತ್ತಿರಲಿಲ್ಲ. ನೆನಪಾಗಿರಲಿಲ್ಲ. ಸಂಜೆ ಕನ್ನಡಿಯಲ್ಲಿ ಬಲಗಡೆ ಒಂದು ಕೆಂಪು ಗುರುತು ಕಂಡಿತು. ಮೂರನೆಯ ದಿನಕ್ಕೆ ಅದು ಕಪ್ಪಾಗಿ ಬಾಯಿ ಬಿಟ್ಟಿತು, ಒಳಗೆ ಹೆಬ್ಬೆರಳು ಹೋಗುವಷ್ಟು. ಜ್ವರ ಬಂತು. ಎರಡು ತಿಂಗಳು ಅವಳು ಹೊಟ್ಟೆಯ ಮೇಲೆ ಮಲಗಬೇಕಾಯಿತು. ಒಂದೇ ಕೋಣೆಯಲ್ಲಿ ಎರಡು ಮಂಚ, ನಾನು ಬೆನ್ನ ಮೇಲೆ, ಅವಳು ಬೋರಲು. ನಾನು ಅವಳನ್ನು ಉಳಿಸಲು ಹೋಗಿ ಮಾಡಿದ ಗಾಯ ಅದು. ಅದರ ವಾಸನೆ ಕೋಣೆಯಲ್ಲಿ ಇರುತ್ತಿತ್ತು. ಲೋಕಮ್ಮ ದಿನಾ ಗಂಡನ ಮೆಟ್ಟಿಲಿಗೆ ರಂಗೋಲಿ ಇಟ್ಟು, ನಡೆದು ಬಂದು, ಮೊದಲು ಮಗಳ ಗಾಯ ತೊಳೆದು, ಆಮೇಲೆ ನನಗೆ ಗಂಜಿ ಕುಡಿಸುತ್ತಿದ್ದಳು. ನನ್ನ ಮೇಲೆ ಕೋಪವಿರಬೇಕು. ಗಂಜಿಯನ್ನು ಮಾತ್ರ ಪ್ರತಿ ಚಮಚಕ್ಕೂ ಊದಿ ಕೊಡುತ್ತಿದ್ದಳು.

ನನ್ನ ಮೆಟ್ಟಿಲಿಗೆ ಹಲಗೆ ಹಾಕಿಸಬೇಕು, ನನ್ನ ಒಪ್ಪಿಗೆ ಇದೆ ಎಂದು ಮಂಚದಲ್ಲೇ ಬರೆದು ಲೋಕಮ್ಮನ ಕೈಗೆ ಕೊಟ್ಟೆ. ಆ ಸುದ್ದಿ ಬೀದಿಗೆ ಮುಟ್ಟಿತು. ಬೀದಿಯ ಹಿರಿಯರಾದ ರುದ್ರಪ್ಪನವರು ಕಿತ್ತಳೆ ಹಣ್ಣು ಹಿಡಿದು ಬಂದರು. ಮರ್ಯಾದಸ್ಥರು. ಕಸ್ತೂರಿಗೆ ಸಂಕೋಚವಾಗದಂತೆ ಅವಳ ಮಂಚಕ್ಕೆ ಬೆನ್ನು ಮಾಡಿ ಕುಳಿತರು.

"ಟೀಚರ್, ನೀವು ಓದಿದೋರು. ಬದುಕಿರೋರು ಕೊಟ್ಟ ಒಪ್ಪಿಗೆ ಸತ್ತ ಮೇಲೆ ನಡೆಯಲ್ಲ. ಇವತ್ತು ನಿಮ್ಮನ್ನ ಮುಚ್ತಾರೆ. ನಾಳೆ ಇನ್ಯಾರೋ ಸೈಕಲ್ ಹತ್ತಿಸೋಕೆ ಅಂತ ಅವರಪ್ಪನ್ನ ಮುಚ್ತಾರೆ. ಹೊತ್ಕೊಂಡು ಇಳಿಸೋಕೆ ನಾವೆಲ್ಲ ಇಲ್ವಾ ಈ ಮಗೂನ?"

"ಇದೀರಿ" ಎಂದಳು ಕಸ್ತೂರಿ ದಿಂಬಿನೊಳಗಿಂದ. "ಅಪ್ಪ ತೀರ್ಕೊಂಡ ವರ್ಷಾನೂ ಇದ್ರಿ. ಅವರ ತಿಥಿ ದಿನಾನೂ."

ರುದ್ರಪ್ಪನವರು ಕಿತ್ತಳೆ ಹಣ್ಣುಗಳನ್ನು ನೆಲದ ಮೇಲಿಟ್ಟರು. ಆಗ ಲೋಕಮ್ಮ ಗಾಯ ತೊಳೆದ ಬೋಗುಣಿ ಹಿಡಿದುಕೊಂಡೇ ಅವರ ಎದುರಿಗೆ ಬಂದು ನಿಂತಳು. ಆ ಹೆಂಗಸು ಗಂಡಸರ ಎದುರು ಧ್ವನಿ ತೆಗೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನಮ್ಮೆಜಮಾನ್ರು ಇಪ್ಪತ್ತೊಂದು ವರ್ಷ ಇವಳನ್ನ ಬೆನ್ನ ಮೇಲೆ ಹೊತ್ರು. ಬೆನ್ನ ಮೇಲೆ ಮಗಳು ಕೂತ್ರೆ ಮುಖ ಮುಚ್ಚಿದಂಗೆ ಅಂತ ಒಂದು ದಿನಾನೂ ಅನ್ನಲಿಲ್ಲ. ಈಗ ಕಲ್ಲಾದ ಮೇಲೆ ಯಾಕೆ ಅಂತಾರೆ, ನೀವೇ ಹೇಳಿ ಅಣ್ಣಾ. ಐದು ವರ್ಷದಿಂದ ಅವರನ್ನ ನಾನು ತೊಳೀತಿದೀನಿ. ನಮ್ಮನೇಲಿ ಜಾಗ ಇದ್ದಿದ್ರೆ ಮೊದಲನೇ ಹಲಗೆ ಅವರ ಮೇಲೇ ಹಾಕಿಸ್ತಿದ್ದೆ."

ಬೋಗುಣಿಯ ನೀರು ತುಳುಕಿ ಅವಳ ಕಾಲ ಮೇಲೆ ಬಿತ್ತು. ರುದ್ರಪ್ಪನವರು ಅದನ್ನೇ ನೋಡುತ್ತಿದ್ದರು. ಸರಿ ಎಂದು ಹೇಳಲಿಲ್ಲ. ಎದ್ದು ಹೋಗುವಾಗ ಬಾಗಿಲ ಬಳಿ ನಿಂತು ಬೆರಳಿನಿಂದ ಹೊರಗಿನ ನೆಲ ತೋರಿಸಿ, "ಇಲ್ಲಿಂದ ರಸ್ತೆಗೆ ಎಷ್ಟು ಅಡಿ ಬರುತ್ತೆ?" ಎಂದು ಮಾತ್ರ ಕೇಳಿದರು.

ಏಳು ಅಡಿ. ಒಂದು ಪಕ್ಕದಲ್ಲಿ ಬಾವಿ, ಇನ್ನೊಂದು ಪಕ್ಕದಲ್ಲಿ ನೆರೆಮನೆಯ ಗೋಡೆ, ಮುಂದೆ ಲಾರಿ ಓಡಾಡುವ ರಸ್ತೆ; ಹಿತ್ತಿಲಿನಿಂದ ಹೊರಗೆ ದಾರಿಯಿಲ್ಲ. ಏಳು ಅಡಿಯ ಇಳಿಜಾರಿನಲ್ಲಿ ಏಳು ಅಂಗುಲದ ಮೆಟ್ಟಿಲನ್ನು ದಾಟಬಹುದು. ಅದಕ್ಕಿಂತ ಹೆಚ್ಚಾದರೆ ಕುರ್ಚಿ ಹಿಂದಕ್ಕೆ ಜಾರುತ್ತದೆ, ಜಾರಿದರೆ ರಸ್ತೆಗೆ.

ಮಸ್ತಾನ್ ಕಬ್ಬಿಣದ ಚೌಕಟ್ಟಿಗೆ ಹಲಗೆ ಬಿಗಿದು, ಗಾಲಿ ಜಾರದಂತೆ ಮೇಲೆ ಗೀರು ಹಾಕಿ, ಎರಡೂ ಅಂಚಿಗೆ ಕಟ್ಟೆ ಕೊಟ್ಟು ತಂದ. ಈಗ ಅದು ನನ್ನ ಕಿಟಕಿಯ ಹೊರಗೆ ಹಿತ್ತಿಲಿನಲ್ಲಿದೆ. ಅಭ್ಯಾಸಕ್ಕೆಂದು ಅದರ ಒಂದು ತುದಿಯ ಕೆಳಗೆ ಏಳು ಅಂಗುಲದ ಮರದ ದಿಮ್ಮಿ ಇಟ್ಟಿದ್ದಾನೆ.

"ಇದು ನೀವು ಅನ್ಕೊಳಿ ಮೇಡಂ" ಎಂದ, ದಿಮ್ಮಿಯನ್ನು ತಟ್ಟಿ. ಆಮೇಲೆ ತಾನು ಆಡಿದ್ದು ಕೇಳಿಸಿಕೊಂಡು ತಲೆ ತಗ್ಗಿಸಿದ.

"ನಾನು ಇಷ್ಟು ಗಟ್ಟಿ ಇಲ್ಲಪ್ಪ" ಎಂದೆ.

ಕಸ್ತೂರಿಯ ಗಾಯ ಪೂರ್ತಿ ಮುಚ್ಚಿಲ್ಲ. ದಿನಕ್ಕೆ ಒಂದು ಗಂಟೆ ಕೂರಬಹುದು ಎಂದಿದ್ದಾರೆ. ದಾಮೋದರ ಅವಳ ಜಾಗಕ್ಕೆ ಬೇರೆ ಯಾರನ್ನೂ ಇಟ್ಟುಕೊಂಡಿಲ್ಲ, ತಾನೇ ಕಣ್ಣು ಕಿರಿದು ಮಾಡಿಕೊಂಡು ಉಜ್ಜುತ್ತಿದ್ದಾನಂತೆ. ಆ ಒಂದು ಗಂಟೆಯನ್ನು ಅವಳು ಹಿತ್ತಿಲಿನಲ್ಲಿ ಕಳೆಯುತ್ತಾಳೆ. ಮೊದಲ ದಿನ ಅರ್ಧಕ್ಕೆ ಹೋಗಿ ಹಿಂದಕ್ಕೆ ಬಂದಳು. ಎರಡು ತಿಂಗಳು ಮಲಗಿ ಅವಳ ತೋಳುಗಳು ನನ್ನ ತೋಳಿನ ಹಾಗಾಗಿವೆ. ನಾಲ್ಕನೆಯ ದಿನ ಹತ್ತಿದಳು. ನಿನ್ನೆ ಮೂರು ಸಲ. ಮಸ್ತಾನ್ ದಿಮ್ಮಿಯ ಮೇಲೆ ಒಂದು ಇಟ್ಟಿಗೆ ಇಟ್ಟು ಎತ್ತರಿಸಿ ನೋಡಿದ. ಆಗಲಿಲ್ಲ. ಇಟ್ಟಿಗೆಯನ್ನು ತೆಗೆದು ನನಗೆ ಕಾಣದ ಕಡೆ ಎಸೆದ.

ನನ್ನ ಹಳೆಯ ಪುಸ್ತಕವನ್ನು ಲೋಕಮ್ಮನಿಂದ ತೆಗೆಸಿ ಮತ್ತೆ ಓದಿದೆ. ಆರು, ಏಳು, ಆರೂವರೆ, ಹತ್ತು. ಕೊನೆಯ ಪುಟದಲ್ಲಿ ಚಿಕ್ಕಣ್ಣನ ಹನ್ನೊಂದು. ಅವನಿಗೆ ಇದ್ದದ್ದು ಒಂದೇ ಆಸೆ ಎಂದು ನನಗೆ ಗೊತ್ತು. ತಾನು ಹೋದ ಮೇಲೆ ಮಗಳು ಬಾಗಿಲು ದಾಟಬೇಕು.

ನಾನು ಒಂದೊಂದಾಗಿ ಬಿಡುತ್ತಿದ್ದೇನೆ. ಪುಸ್ತಕಗಳನ್ನು ಶಾಲೆಗೆ ಕೊಟ್ಟೆ. ತಂಗಿಯ ಮೇಲಿದ್ದ ನಲವತ್ತು ವರ್ಷದ ಮುನಿಸನ್ನು ಒಂದು ಕಾರ್ಡು ಬರೆದು ಮುಗಿಸಿದೆ. ಬೇಸಿಗೆಯ ಮಾವಿನ ಹಣ್ಣು, ಮುಂದಿನ ಮಳೆ, ಯಾವುದೂ ಬೇಡವೆಂದು ಮನಸ್ಸಿಗೆ ಹೇಳಿದರೆ ಅದು ಕೇಳುತ್ತದೆ. ಒಂದು ಮಾತ್ರ ಬಿಡುತ್ತಿಲ್ಲ. ನಾನು ಏಳು ಅಂಗುಲದೊಳಗೆ ಇರಬೇಕು ಎಂಬುದೇ ಆ ಆಸೆ. ಅದನ್ನು ಹಿಡಿದಷ್ಟೂ ನಾನು ಎತ್ತರವಾಗುತ್ತೇನೆ. ಚಿಕ್ಕಣ್ಣನಿಗೂ ಹೀಗೇ ಆಗಿರಬೇಕು.

ಈಗ ಬೆಳಗ್ಗೆ ಹತ್ತು ಗಂಟೆ. ಹಿತ್ತಿಲಿನಲ್ಲಿ ಗಾಲಿ ಹಲಗೆಯ ಮೇಲೆ ಏರುವ ಸದ್ದು ಬರುತ್ತಿದೆ. ಗೀರುಗಳ ಮೇಲೆ ಗರಗರ ಎಂದು ಮೆಲ್ಲಗೆ ಏರಿ, ನಡುವೆ ನಿಲ್ಲುತ್ತದೆ. ಅವಳು ಉಸಿರು ತೆಗೆದುಕೊಳ್ಳುತ್ತಿದ್ದಾಳೆ. ನಾನು ಕಿಟಕಿಯ ಕಡೆ ಬೆನ್ನು ಮಾಡಿ ಮಲಗಿದ್ದೇನೆ. ಹತ್ತಿದಳೇ ಇಲ್ಲವೇ ಎಂದು ಕಿವಿಗೊಡದಿರಲು ಗೋಡೆಯ ಮೇಲಿನ ಸುಣ್ಣದ ಬಿರುಕುಗಳನ್ನು ಎಣಿಸುತ್ತೇನೆ. ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸುತ್ತೇನೆ.